ಟೊಟೊರೊ ಹೊಲಿಯೋಣ ಬನ್ನಿ: ಪ್ಯಾಟರ್ನ್ ಓದುವ ಪಾಠ

ಈ ಸಲ ಒಂದು ಒಗಟಿನಿಂದಲೇ ಶುರು ಮಾಡೋಣ. ಹೊಟ್ಟೆ ಗುಡಾಣದ ಹಾಗೆ, ಕಿವಿ ಮೊಲದ ಹಾಗೆ, ಮೀಸೆ ಬೆಕ್ಕಿನ ಹಾಗೆ. ಕುತ್ತಿಗೆ ಮಾತ್ರ ಹುಡುಕಿದರೂ ಸಿಗೋದಿಲ್ಲ. ದೊಡ್ಡ ಕರ್ಪೂರದ ಮರದ ಬುಡದಲ್ಲಿ ಮಲಗಿರುತ್ತೆ, ಮಳೆ ಬಂದರೆ ಬಸ್‌ಸ್ಟಾಪಿನಲ್ಲಿ ಬಂದು ನಿಲ್ಲುತ್ತೆ. ಯಾರು ಹೇಳಿ? ನಿಮಗೆ ಹೊಳೆಯದಿದ್ದರೆ ಮನೆಯ ಮಕ್ಕಳನ್ನು ಕೇಳಿ. ಕಾರ್ಟೂನ್ ಸಿನಿಮಾ ನೋಡುವ ಮಗುವಾದರೆ ‘ಟೊಟೊರೊ!’ ಅಂತ ಕೂಗಿಯೇಬಿಡುತ್ತೆ.

ಈ ಟೊಟೊರೊ ಜಪಾನಿನ ಪ್ರಾಣಿ. ಅಲ್ಲ, ಜಪಾನಿನ ಕಲ್ಪನೆ. ಹಯಾವೊ ಮಿಯಾಝಾಕಿ ನಿರ್ದೇಶಿಸಿದ, ಸ್ಟುಡಿಯೋ ಘಿಬ್ಲಿ ತಯಾರಿಸಿದ ‘ಮೈ ನೇಬರ್ ಟೊಟೊರೊ’ ಸಿನಿಮಾ 1988ರ ಏಪ್ರಿಲ್‌ನಲ್ಲಿ ಅಲ್ಲಿ ತೆರೆ ಕಂಡಿತು. ಅಮ್ಮ ಆಸ್ಪತ್ರೆಯಲ್ಲಿ, ಅಪ್ಪನ ಜೊತೆ ಹಳ್ಳಿಮನೆಗೆ ಬಂದ ಸತ್ಸುಕಿ ಮತ್ತು ಮೇ ಎಂಬ ಅಕ್ಕ-ತಂಗಿ, ಅವರಿಗೆ ಕಾಡಿನಲ್ಲಿ ಸಿಗುವ ಈ ದೊಡ್ಡ ಮೃದು ಪ್ರಾಣಿ, ಇಷ್ಟೇ ಕಥೆ. ಸಿನಿಮಾ ಬಂದಾಗ ಅಂಗಡಿಯಲ್ಲಿ ಟೊಟೊರೊ ಗೊಂಬೆ ಇರಲಿಲ್ಲ. ಅದು ಬಂದಿದ್ದು ಹೆಚ್ಚುಕಡಿಮೆ ಎರಡು ವರ್ಷದ ಮೇಲೆ. ಬಂದದ್ದೇ ತಡ, ಸಿನಿಮಾ ತೆಗೆಯುವ ಖರ್ಚಿನ ಕೊರತೆಯನ್ನೂ ತುಂಬಿಕೊಡುವಷ್ಟು ಗೊಂಬೆ ಮಾರಾಟವಾಯಿತು. ಘಿಬ್ಲಿಯ ಲಾಂಛನದಲ್ಲಿ ಇರುವುದೂ ಇದೇ ಟೊಟೊರೊ.

ಅಂಗಡಿಯಲ್ಲಿ ಸಿಗುತ್ತಲ್ಲ, ನಾವ್ಯಾಕೆ ಹೊಲಿಯಬೇಕು ಅಂತೀರಾ? ಕಾರ್ಟೂನ್ ಗೊಂಬೆಗೂ ಮನೆಯ ಹೊಲಿಗೆಗೂ ಹಳೇ ನಂಟು. 1930ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಷಾರ್ಲೆಟ್ ಕ್ಲಾರ್ಕ್ ಎಂಬ ಹೆಂಗಸು ಮಿಕ್ಕಿ ಮೌಸ್ ಗೊಂಬೆ ಹೊಲಿದರು. ವಾಲ್ಟ್ ಡಿಸ್ನಿಗೆ ಅದು ಮೆಚ್ಚುಗೆಯಾಯಿತು. ಆಮೇಲೆ ಎಷ್ಟು ಹೊಲಿದರೂ ಸಾಲದು ಅನ್ನುವಷ್ಟು ಬೇಡಿಕೆ. 1932ರಲ್ಲಿ ಮೆಕ್‌ಕಾಲ್ ಕಂಪನಿ ಮಿಕ್ಕಿಯ ಪ್ಯಾಟರ್ನನ್ನೇ ಕಾಗದದಲ್ಲಿ ಅಚ್ಚು ಹಾಕಿ ಮಾರಾಟಕ್ಕೆ ಬಿಟ್ಟಿತು: ‘ತಗೊಳ್ಳಿ, ಮನೆಯಲ್ಲೇ ಹೊಲಿದುಕೊಳ್ಳಿ’ ಅಂತ. ಅಂದರೆ ಪ್ಯಾಟರ್ನ್ ಇಟ್ಟುಕೊಂಡು ಕಾರ್ಟೂನ್ ಗೊಂಬೆ ಹೊಲಿಯುವುದು ಇವತ್ತಿನ ಹವ್ಯಾಸವಲ್ಲ, ತೊಂಬತ್ತು ವರ್ಷ ದಾಟಿದ ಪದ್ಧತಿ.

ಸರಿ, ಸೂಜಿಗೆ ದಾರ ಪೋಣಿಸೋಣವೇ? ತಡೀರಿ. ಕತ್ತರಿ ಕೈಗೆ ತಗೊಳ್ಳುವ ಮೊದಲು ಪ್ಯಾಟರ್ನ್ ಓದಲು ಕಲಿಯಬೇಕು. ಅದು ಬಂದರೆ ಟೊಟೊರೊ ಏನು, ಯಾವ ಪ್ರಾಣಿಯನ್ನಾದರೂ ಹೊಲಿಯಬಹುದು.

ಪ್ಯಾಟರ್ನ್ ಅಂದರೆ ಚಿತ್ರವಲ್ಲ, ಚರ್ಮ

ಮೊದಲ ಸಲ ಗೊಂಬೆ ಹೊಲಿಯುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪುಸ್ತಕದ ಚಿತ್ರವನ್ನು ದೊಡ್ಡದಾಗಿ ಬಿಡಿಸಿ, ಅದೇ ಆಕಾರದ ಎರಡು ಬಟ್ಟೆ ಕತ್ತರಿಸಿ, ಸುತ್ತ ಹೊಲಿದು ಹತ್ತಿ ತುಂಬುತ್ತಾರೆ. ಗುಂಡು ಟೊಟೊರೊ ಬರಬೇಕಾದ ಕಡೆ ಜ್ವರ ಬಂದು ಎದ್ದ ಟೊಟೊರೊ ಬರುತ್ತೆ. ಯಾಕೆ?

ಇದು ಶಾಲೆಯ ಗಣಿತ. 15 ಸೆಂ.ಮೀ. ಅಗಲದ ಎರಡು ಬಟ್ಟೆ ಸೇರಿಸಿದರೆ ಸುತ್ತಳತೆ 30 ಸೆಂ.ಮೀ. ತುಂಬಿದ ಮೇಲೆ ಅದು ಉರುಟಾಗುತ್ತೆ. 30ನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸುಮಾರು ಒಂಬತ್ತೂವರೆ ಸೆಂ.ಮೀ. ಮಾತ್ರ. ಹದಿನೈದು ಇದ್ದದ್ದು ಒಂಬತ್ತೂವರೆ ಆಯಿತು! ಉಳಿದ ಬಟ್ಟೆ ಎಲ್ಲಿ ಹೋಯಿತು ಅಂದರೆ ಗೊಂಬೆಯ ದಪ್ಪಕ್ಕೆ ಹೋಯಿತು. ನಿಮಗೆ 15 ಸೆಂ.ಮೀ. ಹೊಟ್ಟೆ ಬೇಕಿದ್ದರೆ ಪ್ರತಿ ತುಂಡೂ ಸುಮಾರು 24 ಸೆಂ.ಮೀ. ಅಗಲ ಇರಬೇಕು. ಅದಕ್ಕೇ ಒಳ್ಳೆಯ ಪ್ಯಾಟರ್ನ್ ಕಾಗದದ ಮೇಲೆ ನೋಡಲು ಚೆನ್ನಾಗಿರೋದಿಲ್ಲ, ಊದಿಕೊಂಡ ಹಾಗೆ ಇರುತ್ತೆ. ನೋಡಿ ಹೆದರಬೇಡಿ, ತುಂಬಿದಾಗ ಸರಿಹೋಗುತ್ತೆ.

ಎರಡನೆಯ ವಿಷಯ ಡಾರ್ಟ್. ಮೋಸಂಬಿ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಚಪ್ಪಟೆ ಒತ್ತಿ ನೋಡಿ. ಅಂಚಿನಲ್ಲಿ ಅಲ್ಲಲ್ಲಿ ಹರಿದು, ತ್ರಿಕೋನದ ಸಂದುಗಳು ಬೀಳುತ್ತವೆ. ಉರುಟಾದದ್ದು ಚಪ್ಪಟೆಯಾಗಬೇಕಾದರೆ ಹರಿಯಲೇಬೇಕು. ಈಗ ಅದನ್ನೇ ತಿರುವುಮುರುವು ಮಾಡಿ: ಚಪ್ಪಟೆ ಬಟ್ಟೆ ಉರುಟಾಗಬೇಕಾದರೆ ಅಂಚಿನಲ್ಲಿ ತ್ರಿಕೋನದಷ್ಟು ಬಟ್ಟೆಯನ್ನು ಮಡಿಸಿ ಹೊಲಿದು ಮರೆಮಾಡಬೇಕು. ಅದೇ ಡಾರ್ಟ್. ರವಿಕೆ ಹೊಲಿಯುವ ಟೈಲರ್ ಮಾಡುವುದೂ ಇದನ್ನೇ. ಗೊಂಬೆಯ ತಳದಲ್ಲಿ ಡಾರ್ಟ್ ಹಾಕಿದರೆ ಕೂರಲು ಅಡಿ ಸಿಗುತ್ತೆ. ಹಾಕದಿದ್ದರೆ ಗೊಂಬೆ ದಿಂಬಿನ ಹಾಗೆ ಒರಗಿಕೊಂಡೇ ಇರಬೇಕು.

ಗುರುತುಗಳ ಭಾಷೆ

ಪ್ಯಾಟರ್ನ್ ಕಾಗದದ ಮೇಲೆ ಗೆರೆ, ಬಾಣ, ಚುಕ್ಕಿ ಅಂತ ಏನೇನೋ ಇರುತ್ತೆ. ಒಂದೊಂದಕ್ಕೂ ಅರ್ಥವಿದೆ.

ಹೊರಗಿನ ಗೆರೆ ಕತ್ತರಿಸಲು, ಒಳಗಿನ ತುಂಡು ಗೆರೆ ಹೊಲಿಯಲು. ಇವೆರಡರ ನಡುವಿನ ಜಾಗ ಹೊಲಿಗೆಗೆ ಬಿಟ್ಟ ಅಂಚು. ನಮ್ಮ ಕರ್ಜಿಕಾಯಿಯನ್ನು ನೆನಪು ಮಾಡಿಕೊಳ್ಳಿ. ಅಂಚು ಬಿಡದೆ ಹೂರಣ ತುಂಬಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತೆ ತಾನೆ? ಗೊಂಬೆಯೂ ಹಾಗೇ. ಕನಿಷ್ಠ 1 ಸೆಂ.ಮೀ. ಬಿಡಿ.

ಉದ್ದ ಬಾಣ ಬಟ್ಟೆಯ ದಿಕ್ಕು ಹೇಳುತ್ತೆ. ಫ್ಲೀಸ್‌ನಂಥ ಬಟ್ಟೆ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತೆ, ಉದ್ದಕ್ಕೆ ಕಡಿಮೆ. ಹಿಗ್ಗುವ ದಿಕ್ಕು ಹೊಟ್ಟೆಗೆ ಅಡ್ಡವಾಗಿ ಬಂದರೆ ಹೊಟ್ಟೆ ಗುಂಡಾಗುತ್ತೆ. ತಪ್ಪಿದರೆ ಟೊಟೊರೊ ಸೋರೆಕಾಯಿಯಾಗುತ್ತೆ. ಕೂದಲಿರುವ ಬಟ್ಟೆಯಾದರೆ ಬಾಣ ಕೂದಲು ಮಲಗುವ ದಿಕ್ಕು. ಬೆಕ್ಕಿನ ಬೆನ್ನು ಸವರಿದ ಹಾಗೆ ಮೇಲಿಂದ ಕೆಳಕ್ಕೆ ನಯವಾಗಿರಬೇಕು.

ಅಂಚಿನ ಪುಟ್ಟ ತ್ರಿಕೋನ ಅಥವಾ ಅಡ್ಡಗೆರೆ ಜೋಡಿಸುವ ಗುರುತು. ಮುಂಭಾಗದ ಗುರುತಿಗೆ ಬೆನ್ನಿನ ಗುರುತು ಕೂಡಬೇಕು. ‘ಮಡಿಕೆಯ ಮೇಲೆ ಇಡಿ’ ಅಂತ ಇದ್ದರೆ ಬಟ್ಟೆ ಮಡಿಸಿ, ಆ ಅಂಚನ್ನು ಮಡಿಕೆಗೆ ಸೇರಿಸಿ ಕತ್ತರಿಸಬೇಕು, ಮಡಿಕೆಯನ್ನು ಕತ್ತರಿಸಬಾರದು. ‘2 ಜೊತೆ’ ಅಂದರೆ ಎರಡು ಹೀಗೆ, ಎರಡು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ.

ಕಂಪ್ಯೂಟರಿನಿಂದ ಪ್ಯಾಟರ್ನ್ ಪ್ರಿಂಟ್ ತೆಗೆಯುವವರು ಇನ್ನೊಂದು ನೋಡಿಕೊಳ್ಳಿ. ಕಾಗದಕ್ಕೆ ಹೊಂದಿಸಿ ಎಂಬ ಆಯ್ಕೆ ಬೇಡ, ಅಸಲಿ ಅಳತೆಯಲ್ಲೇ ತೆಗೆಯಿರಿ. ಮೂಲೆಯಲ್ಲಿ ಅಳತೆಯ ಪುಟ್ಟ ಚೌಕ ಕೊಟ್ಟಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. ಗೊಂಬೆ ಒಂದೂವರೆ ಪಟ್ಟು ದೊಡ್ಡದು ಬೇಕಾದರೆ ಜೆರಾಕ್ಸ್ ಅಂಗಡಿಯಲ್ಲಿ 150 ಪರ್ಸೆಂಟ್ ಮಾಡಿಸಿ. ಆದರೆ ಬಟ್ಟೆ ಎರಡೂಕಾಲು ಪಟ್ಟು, ಒಳಗೆ ತುಂಬುವ ಸಾಮಾನು ಮೂರು ಪಟ್ಟಿಗೂ ಹೆಚ್ಚು ಬೇಕಾಗುತ್ತೆ. ಹೊಲಿಗೆಯ ಅಂಚು ಮಾತ್ರ ಅದೇ 1 ಸೆಂ.ಮೀ. ಸಾಕು.

ಸಾಮಾನು ಪಟ್ಟಿ

ಬೂದು ಬಣ್ಣದ ಫ್ಲೀಸ್ ಅರ್ಧ ಮೀಟರ್. ಹೊಟ್ಟೆಗೆ ಕೆನೆ ಬಣ್ಣದ ಫ್ಲೀಸ್ ಒಂದು ತುಂಡು. ಫ್ಲೀಸ್ ಯಾಕೆ? ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಹಿಗ್ಗುವುದರಿಂದ ಹೊಸಬರ ಸೊಟ್ಟ ಹೊಲಿಗೆಯನ್ನೂ ಮುಚ್ಚಿಹಾಕುತ್ತೆ. ಬೂದು ಬಣ್ಣದ ಗಟ್ಟಿ ಪಾಲಿಯೆಸ್ಟರ್ ದಾರ, ಕಪ್ಪು ಮತ್ತು ಬಿಳಿ ಕಸೂತಿ ದಾರ, ತಲೆ ದಪ್ಪಗಿರುವ ಬಣ್ಣದ ಗುಂಡುಪಿನ್ನು, ಟೈಲರ್ ಚಾಕ್, ಚೂಪಾದ ಕತ್ತರಿ.

ತುಂಬಲು ಪಾಲಿಯೆಸ್ಟರ್ ಫೈಬರ್ ಕಾಲು ಕೆ.ಜಿ. ಸಾಕು, ಉಳಿಯಲೂಬಹುದು. ಅಂಗಡಿಯಲ್ಲಿ ‘ರೆಕ್ರಾನ್’ ಅಂತ ಕೇಳಿದರೂ ಕೊಡುತ್ತಾರೆ. ಹತ್ತಿ ಬೇಡವೇ ಅಂತ ಕೇಳಬಹುದು. ಒಣ ಹವೆಯ ಊರಲ್ಲಿ ಪರವಾಗಿಲ್ಲ. ಮುಂಬಯಿ, ಚೆನ್ನೈನಂಥ ಕಡಲ ಊರಲ್ಲಿ ಒಗೆದ ಹತ್ತಿ ಬೇಗ ಒಣಗುವುದಿಲ್ಲ, ಗಂಟು ಕಟ್ಟುತ್ತೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತೆ. ಅಕ್ಕಿ, ರಾಗಿ, ಕಾಳು ತುಂಬಲೇಬೇಡಿ, ಹುಳ ಬೀಳುತ್ತೆ. ಥರ್ಮೊಕೋಲ್ ಗುಂಡುಗಳಂತೂ ಚಿಕ್ಕ ಮಕ್ಕಳ ಹತ್ತಿರವೇ ಬೇಡ. ಹೊಲಿಗೆ ಬಿಚ್ಚಿದರೆ ಮೂಗಿಗೆ, ಬಾಯಿಗೆ ಹೋಗುತ್ತವೆ.

ಎಲ್ಲಿ ಸಿಗುತ್ತೆ? ಮುಂಬಯಿಯವರಿಗೆ ಬಟ್ಟೆಗೆ ಮಂಗಳದಾಸ್ ಮಾರ್ಕೆಟ್, ದಾರ-ಲೇಸಿಗೆ ಭುಲೇಶ್ವರ. ಪುಣೆಯವರಿಗೆ ರವಿವಾರ ಪೇಠ. ಚೆನ್ನೈಯವರಿಗೆ ಗೋಡೌನ್ ಸ್ಟ್ರೀಟ್. ಹೈದರಾಬಾದಿನವರು ಸಿಕಂದರಾಬಾದಿನ ಜನರಲ್ ಬಜಾರಿಗೆ, ದಿಲ್ಲಿಯವರು ಚಾಂದನಿ ಚೌಕದ ಕಿನಾರಿ ಬಜಾರ್ ಕಡೆ ಒಂದು ಸುತ್ತು ಹೋಗಿಬನ್ನಿ. ಅಷ್ಟು ದೂರ ಆಗದಿದ್ದರೆ ಹಳೇ ಫ್ಲೀಸ್ ಹೊದಿಕೆಯನ್ನೇ ಒಗೆದು ಕತ್ತರಿಸಿ. ಹಳೇ ಸೀರೆ ಕೌದಿಯಾಗುವ ನಾಡಿನವರಲ್ಲವೇ ನಾವು! ಹೊಸ ಬಟ್ಟೆಯಾದರೂ ಒಂದು ಸಲ ನೀರಿಗೆ ಹಾಕಿ ಒಣಗಿಸಿಯೇ ಕತ್ತರಿಸಿ. ಬಣ್ಣ ಬಿಡುವುದಾದರೆ, ಕುಗ್ಗುವುದಾದರೆ ಮೊದಲೇ ಗೊತ್ತಾಗಲಿ.

ನಮ್ಮ ಟೊಟೊರೊನ ಅಳತೆ

ಕೆಳಗಿನ ಎಲ್ಲ ಅಳತೆಯಲ್ಲೂ ಹೊಲಿಗೆಯ ಅಂಚು ಸೇರಿದೆ. ಗೊಂಬೆ ಕಿವಿ ಬಿಟ್ಟು ಸುಮಾರು 20 ಸೆಂ.ಮೀ. ಎತ್ತರ ಬರುತ್ತೆ.

ಮೈ: ಹಳೇ ಪೇಪರನ್ನು ಉದ್ದಕ್ಕೆ ಮಡಿಸಿ. ಮಡಿಕೆಯ ಮೇಲೆ 26 ಸೆಂ.ಮೀ. ಗುರುತು ಮಾಡಿ, ಅದು ಎತ್ತರ. ತಳದಿಂದ 9 ಸೆಂ.ಮೀ. ಮೇಲೆ ಮಡಿಕೆಯಿಂದ 13 ಸೆಂ.ಮೀ. ದೂರಕ್ಕೆ ಒಂದು ಚುಕ್ಕಿ, 19 ಸೆಂ.ಮೀ. ಮೇಲೆ ಎಂಟೂವರೆ ಸೆಂ.ಮೀ. ದೂರಕ್ಕೆ ಇನ್ನೊಂದು ಚುಕ್ಕಿ ಇಡಿ. ತಳದಿಂದ ತಲೆಯವರೆಗೆ ಚುಕ್ಕಿಗಳನ್ನು ಬಾಗಿದ ಗೆರೆಯಲ್ಲಿ ಸೇರಿಸಿ ಕತ್ತರಿಸಿ ಬಿಚ್ಚಿ. ಅಗಲವೂ 26, ಎತ್ತರವೂ 26 ಇರುವ ಮೊಟ್ಟೆಯಾಕಾರ ಸಿಗುತ್ತೆ. ತಳದ ಅಂಚಿನಲ್ಲಿ ನಡುವಿನಿಂದ 5 ಸೆಂ.ಮೀ. ಎಡಕ್ಕೊಂದು, ಬಲಕ್ಕೊಂದು ಡಾರ್ಟ್ ಬರೆಯಿರಿ. ಬಾಯಿ 2 ಸೆಂ.ಮೀ., ಉದ್ದ 4 ಸೆಂ.ಮೀ. ಬೂದು ಬಟ್ಟೆಯಲ್ಲಿ ಇಂಥವು 2 ತುಂಡು.

ಹೊಟ್ಟೆ: ಕೆನೆ ಬಣ್ಣದಲ್ಲಿ 15 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರದ ಮೊಟ್ಟೆಯಾಕಾರ, 1 ತುಂಡು.

ಕಿವಿ: ವೀಳ್ಯದೆಲೆಯಂತೆ ತುದಿ ಚೂಪು, 9 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಬುಡ ಮಾತ್ರ ನೇರ. 2 ಜೊತೆ.

ಕೈ: 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, ಒಂದು ತುದಿ ಗುಂಡು. 2 ಜೊತೆ.

ಬಾಲ: 14 ಸೆಂ.ಮೀ. ಅಡ್ಡಳತೆಯ ವೃತ್ತ, 1 ತುಂಡು. ಊಟದ ತಟ್ಟೆಗಿಂತ ಚಿಕ್ಕ ತಟ್ಟೆಯೊಂದನ್ನು ಬೋರಲು ಹಾಕಿ ಗೆರೆ ಎಳೆದರೂ ಆಯಿತು.

ಹೊಲಿಗೆಯ ಕ್ರಮ

ಗೊಂಬೆ ಹೊಲಿಗೆಯ ದೊಡ್ಡ ನಿಯಮ ಒಂದೇ: ಚಪ್ಪಟೆ ಇರುವಾಗಲೇ ಮಾಡಬಹುದಾದ ಕೆಲಸವನ್ನೆಲ್ಲ ಮುಗಿಸಿಬಿಡಿ. ಉರುಟಾದ ಮೇಲೆ ಕೈ ಹೋಗೋದಿಲ್ಲ.

ಮೊದಲು ನಾಲ್ಕೂ ಡಾರ್ಟ್ ಹೊಲಿಯಿರಿ. ಅಂಚಿನಿಂದ ಶುರು ಮಾಡಿ ತುದಿಗೆ ಬಂದು ಗಂಟು ಹಾಕಿ. ಆಮೇಲೆ ಮುಂಭಾಗದ ತುಂಡಿನ ಮೇಲೆ, ಡಾರ್ಟಿನ ತುದಿಗಿಂತ ಸ್ವಲ್ಪ ಮೇಲೆ, ಕೆನೆ ಬಣ್ಣದ ಹೊಟ್ಟೆ ಇಟ್ಟು ಸುತ್ತ ಹೊಲಿಯಿರಿ. ಟೊಟೊರೊನ ಹೊಟ್ಟೆಯ ಮೇಲೆ ಬಾಣದ ತುದಿಯಂಥ ಬೂದು ಗುರುತುಗಳು ಎರಡು ಸಾಲಾಗಿ ಇರುತ್ತವಲ್ಲ, ಅವನ್ನು ಬೂದು ದಾರದಲ್ಲೇ ತುಂಬಿ. ನಂತರ ಮುಖ. ಕಣ್ಣು ಎರಡೂ ದೂರ ದೂರ, ಕಿವಿಯ ಬುಡದ ನೇರಕ್ಕೆ ಬರಲಿ. ಹತ್ತಿರ ಹೊಲಿದರೆ ಸಿಟ್ಟು ಬಂದ ಇಲಿಯ ಹಾಗೆ ಕಾಣುತ್ತೆ. ಬಿಳಿ ದಾರದಲ್ಲಿ ಗುಂಡಗೆ ತುಂಬಿ, ನಡುವೆ ಕಪ್ಪು ಗುಡ್ಡೆ. ಮೂಗು ಅಗಲ, ಮೀಸೆ ಕೆನ್ನೆಗೆ ಮೂರು ಮೂರು ಗೆರೆ.

ಕಿವಿ, ಕೈಗಳ ಜೊತೆಗಳನ್ನು ಸುಲ್ಟಾ ಬದಿ ಒಳಗೆ ಬರುವ ಹಾಗೆ ಒಂದರ ಮೇಲೊಂದು ಇಟ್ಟು, ಬುಡ ಬಿಟ್ಟು ಸುತ್ತ ಹೊಲಿದು, ಮಗುಚಿ. ಕೈಗೆ ಸ್ವಲ್ಪ ತುಂಬಿ, ಕಿವಿಗೆ ತುಂಬದಿದ್ದರೂ ನಡೆಯುತ್ತೆ. ಈಗ ಇವನ್ನು ಮುಂಭಾಗದ ಅಂಚಿಗೆ, ತುದಿಗಳು ಒಳಮುಖವಾಗಿ ಇರುವ ಹಾಗೆ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಒಳಮುಖ ಯಾಕೆ? ಮಗುಚಿದಾಗ ಹೊರಕ್ಕೆ ಬರಬೇಕಲ್ಲ! ಮೇಲೆ ಬೆನ್ನಿನ ತುಂಡನ್ನು ಉಲ್ಟಾ ಬದಿ ಕಾಣುವಂತೆ ಮುಚ್ಚಿ, ಡಾರ್ಟಿಗೆ ಡಾರ್ಟ್ ಕೂಡಿಸಿ ಪಿನ್ ಮಾಡಿ. ಎಷ್ಟು ಪಿನ್ ಚುಚ್ಚಿದಿರಿ ಅಂತ ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಿಷನ್ ಇದ್ದರೆ ಇಂಚಿಗೆ ಹತ್ತು ಹೊಲಿಗೆ ಬರುವಂತೆ ಇಡಿ. ಕೈಹೊಲಿಗೆಯಾದರೆ ಬ್ಯಾಕ್ ಸ್ಟಿಚ್, ಅಂದರೆ ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ. ಕೌದಿಯ ಓಟದ ಹೊಲಿಗೆ ಇಲ್ಲಿ ಸಾಲದು, ಎಳೆದಾಗ ಸಂದು ಬಿಡುತ್ತೆ. ತಳದಲ್ಲಿ ಎರಡು ಡಾರ್ಟುಗಳ ನಡುವೆ 7 ಸೆಂ.ಮೀ. ಬಿಟ್ಟು ಸುತ್ತ ಹೊಲಿಯಿರಿ. ಅದೇ ಹೊಲಿಗೆಯ ಮೇಲೆ ಇನ್ನೊಂದು ಸುತ್ತು ಹೋಗಿ. ಬಾಗಿದ ಕಡೆ ಅಂಚಿಗೆ ಅಲ್ಲಲ್ಲಿ ಪುಟ್ಟ ಕಚ್ಚು ಹಾಕಿ, ದಾರಕ್ಕೆ ಕತ್ತರಿ ತಾಕದಿರಲಿ. ಪಿನ್ನೆಲ್ಲ ತೆಗೆದು, ಎಣಿಸಿ, ಮಗುಚಿ.

ತುಂಬುವಾಗ ಫೈಬರನ್ನು ಮುದ್ದೆ ಮುದ್ದೆಯಾಗಿ ತುರುಕಬೇಡಿ. ಬೆರಳಲ್ಲಿ ಬಿಡಿಸಿ, ಹಿಡಿ ಹಿಡಿಯಾಗಿ, ಮೊದಲು ತಲೆಗೆ, ಆಮೇಲೆ ಬದಿಗಳಿಗೆ, ಕೊನೆಗೆ ಹೊಟ್ಟೆಗೆ. ಸಾಕು ಅನ್ನಿಸಿದ ಮೇಲೂ ಎರಡು ಹಿಡಿ ಹಾಕಿ, ವಾರದಲ್ಲಿ ಕುಗ್ಗುತ್ತೆ. ಬಾಯಿಯ ಎರಡು ಅಂಚನ್ನು ಒಳಕ್ಕೆ ಮಡಿಸಿ, ಈ ಮಡಿಕೆಯಲ್ಲೊಂದು, ಆ ಮಡಿಕೆಯಲ್ಲೊಂದು ಅಂತ ಏಣಿಯ ಮೆಟ್ಟಿಲಿನಂತೆ ಹೊಲಿದು ಎಳೆಯಿರಿ. ದಾರ ಮಾಯ! ಕೊನೆಗೆ ಬಾಲ. ವೃತ್ತದ ಅಂಚಿಗೆ ಓಟದ ಹೊಲಿಗೆ ಹಾಕಿ, ನಡುವೆ ಫೈಬರ್ ಇಟ್ಟು, ಎಲೆಅಡಿಕೆ ಸಂಚಿಯ ಬಾಯಿ ಎಳೆದ ಹಾಗೆ ಎಳೆದು ಗಂಟು ಹಾಕಿ. ಬೆನ್ನಿನ ಕೆಳಗೆ ಎರಡು ಸುತ್ತು ಹೊಲಿಯಿರಿ. ಬಾಲ ನೆಲಕ್ಕೆ ತಾಗಿದರೆ ಗೊಂಬೆಗೆ ಊರುಗೋಲೂ ಆಯಿತು.

ಇನ್‌ಸ್ಪೆಕ್ಟರ್ ನೀವೇ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಭಾರತದಲ್ಲಿ 2021ರ ಜನವರಿ 1ರಿಂದ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕಣ್ಣು ಕಿತ್ತುಬರುತ್ತದೆಯೇ, ಹೊಲಿಗೆ ಬಿಚ್ಚುತ್ತದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ನಿಮ್ಮ ಮನೆಯ ಗೊಂಬೆಗೆ ಆ ಗುರುತು ಇಲ್ಲ. ಪರೀಕ್ಷೆ ಮಾಡಬೇಕಾದವರು ನೀವೇ.

ಚಿಕ್ಕ ಮಕ್ಕಳು ಗೊಂಬೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕಚ್ಚುತ್ತಾರೆ. ಮೊದಲು ಬಾಯಿಗೆ ಹೋಗುವುದು ಕಣ್ಣು. ಅಂಗಿಯ ಗುಂಡಿ, ಮಣಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣು ಕಿತ್ತುಬಂದರೆ ನೇರ ಗಂಟಲಿಗೆ. ಆಟಿಕೆ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಅಡ್ಡಳತೆ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವ ಬಿಡಿ ಸಾಮಾನೂ ಮೂರು ವರ್ಷದೊಳಗಿನ ಮಗುವಿಗೆ ಅಪಾಯ. ಮನೆಯ ಎಲ್ಲ ಗುಂಡಿಗಳೂ ಅದರೊಳಗೆ ಇಳಿಯುತ್ತವೆ ಅನ್ನಿ. ಅದಕ್ಕೇ ನಮ್ಮ ಟೊಟೊರೊಗೆ ದಾರದ ಕಣ್ಣು, ದಾರದ ಮೂಗು. ಮೀಸೆಯನ್ನೂ ನೈಲಾನ್ ಎಳೆ ಅಂಟಿಸಿ ಜೋತುಬಿಡದೆ, ಬಟ್ಟೆಗೆ ಹತ್ತಿಸಿ ಹೊಲಿಯಲು ಹೇಳಿದ್ದು. ಕುತ್ತಿಗೆಗೆ ರಿಬ್ಬನ್, ಗೆಜ್ಜೆ ಬೇಡ.

ಹೊಲಿದು ಮುಗಿದ ಮೇಲೆ ಕಿವಿ, ಕೈ, ಬಾಲ ಒಂದೊಂದನ್ನೂ ಹಿಡಿದು ಜೋರಾಗಿ ಎಳೆಯಿರಿ. ಅಯ್ಯೋ ಪಾಪ ಅನ್ನಬೇಡಿ. ನಿಮ್ಮ ಕೈಗೆ ಬಾರದ್ದು ಮಗುವಿನ ಹಲ್ಲಿಗೂ ಬಾರದಿರಲಿ. ಹೊಲಿಗೆಯ ಎರಡೂ ಪಕ್ಕ ಹಿಡಿದು ಹಿಗ್ಗಿಸಿ. ಒಳಗಿನ ಬಿಳಿ ಫೈಬರ್ ಇಣುಕಿದರೆ ಅಲ್ಲಿ ಮತ್ತೊಮ್ಮೆ ಹೊಲಿಯಿರಿ. ಇನ್ನು ಪಿನ್ನಿನ ಚೀಟಿ. ಬರೆದಿಟ್ಟಷ್ಟು ಪಿನ್ ಡಬ್ಬಿಗೆ ವಾಪಸ್ ಬಂದವೇ? ಒಂದು ಕಡಿಮೆಯಾದರೂ ಗೊಂಬೆ ಮಗುವಿನ ಕೈಗೆ ಹೋಗಬಾರದು. ನೆಲದಲ್ಲಿ ಹುಡುಕಿ, ಸಿಗದಿದ್ದರೆ ಹೊಲಿಗೆ ಬಿಚ್ಚಿ ಹುಡುಕಿ. ಮತ್ತೊಂದು ಮಾತು: ಒಂದು ವರ್ಷದೊಳಗಿನ ಕೂಸು ಮಲಗುವ ಜಾಗದಲ್ಲಿ ಯಾವ ಮೆತ್ತನೆಯ ಗೊಂಬೆಯೂ ಬೇಡ ಅನ್ನುವುದು ಮಕ್ಕಳ ಡಾಕ್ಟರುಗಳ ಸಲಹೆ. ಉಸಿರಿಗೆ ಅಡ್ಡವಾಗಬಹುದು. ಎಚ್ಚರವಿದ್ದಾಗ, ನೀವು ಪಕ್ಕದಲ್ಲಿದ್ದಾಗ ಆಡಲಿ.

ಒಗೆಯುವುದು ಹೇಗೆ ಅಂದರೆ ತಣ್ಣೀರು, ಸ್ವಲ್ಪ ಸೋಪು, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನ ಗಾಳಿಗೆ ಹರವಿ. ಕಿವಿಗೆ ಕ್ಲಿಪ್ ಹಾಕಿ ನೇತುಹಾಕಬೇಡಿ, ನೀರಿನ ಭಾರಕ್ಕೆ ಕಿವಿ ಉದ್ದವಾಗುತ್ತೆ!

ಚೆನ್ನಾಗಿ ಬಂದರೆ ಮಾರಬಹುದೇ?

ನಾಲ್ಕು ಗೊಂಬೆ ಹೊಲಿದ ಮೇಲೆ ಈ ಯೋಚನೆ ಬರುವುದು ಸಹಜ. ಮನೆಯ ಮಗುವಿಗೆ ಹೊಲಿಯುವುದು ಸ್ವಂತ ಬಳಕೆ. ಮಾರಾಟ ಬೇರೆ ಮಾತು. ಕಾಗದದ ಮೇಲಿನ ಚಿತ್ರವನ್ನು ಗೊಂಬೆಯಾಗಿ ಮಾಡುವುದೂ ಆ ಚಿತ್ರದ ನಕಲೇ ಎಂದು ನಮ್ಮ 1957ರ ಕಾಪಿರೈಟ್ ಕಾಯ್ದೆ ಹೇಳುತ್ತೆ. ಹಾಗಾಗಿ ಟೊಟೊರೊ ಹೊಲಿದು ಸ್ಟಾಲಿನಲ್ಲಿ ಇಡಬೇಕಾದರೆ ಹಕ್ಕು ಇರುವವರ ಅನುಮತಿ ಬೇಕು. ಮಾರುವ ಆಸೆ ಇದ್ದರೆ ನಿಮ್ಮದೇ ಪ್ರಾಣಿ ಹುಟ್ಟಿಸಿ. ಇದೇ ಮೈಯ ಪ್ಯಾಟರ್ನಿಗೆ ಕೊಂಬು ಇಡಿ, ರೆಕ್ಕೆ ಇಡಿ, ಮೂರನೆಯ ಕಣ್ಣೇ ಇಡಿ. ಮಗು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಚಿದ ರಾಕ್ಷಸನೇ ಗೊಂಬೆಯಾದರೆ ಅದಕ್ಕಾಗುವ ಖುಷಿಯೇ ಬೇರೆ.

ಕೊನೆಯದಾಗಿ ಒಂದು ಕೋರಿಕೆ. ಹೊಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಶಾಲೆಯಲ್ಲಿ ಹಿಂದಿ, ಮರಾಠಿ, ತಮಿಳು, ತೆಲುಗು, ಇಂಗ್ಲಿಷ್ ಎಲ್ಲ ಕಲಿಯುವ ನಮ್ಮ ಮಕ್ಕಳಿಗೆ ‘ಮಡಿಕೆ’, ‘ಅಂಚು’, ‘ಎಳೆ’, ‘ಮಗುಚು’, ‘ಪೋಣಿಸು’ ಅನ್ನುವ ಕನ್ನಡ ಮಾತು ಕಿವಿಗೆ ಬೀಳುವುದು ಇಂಥ ಕೆಲಸದಲ್ಲೇ. ಫೈಬರ್ ಬಿಡಿಸಿ ಕೊಡುವ ಕೆಲಸ ಅವರಿಗೆ, ಸೂಜಿಯ ಕೆಲಸ ನಿಮಗೆ. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ ಮೇಲೆಯೇ ಎದ್ದೇಳಿ. ಹೊಲಿಯುವಾಗ ಪಕ್ಕದಲ್ಲಿ ರೇಡಿಯೋ ಹಾಡುತ್ತಿದ್ದರೆ ಇನ್ನೂ ಒಳ್ಳೆಯದು, ಏನಂತೀರಿ?

ಮತ್ತೆ ಸಿಗೋಣ. ಕೇಳ್ತಾ ಇರಿ, ಹೊಲೀತಾ ಇರಿ. ನಮಸ್ಕಾರ.